ಎರಡು ಟೀಚರ್

ಆ ದಿನ ಬೆಳಿಗ್ಗೆ ನಾನು ಮಾಡಿದ ಮೊದಲ ಕೆಲಸವೆಂದರೆ ಗೊಣಗಪ್ಪನ ಬಾಯಿ ಮುಚ್ಚಿಸಿದ್ದು.

ಗೊಣಗಪ್ಪ ಅಂದರೆ ಮನುಷ್ಯನಲ್ಲ. ನಮ್ಮ ಕಂಪ್ಯೂಟರಿನೊಳಗೆ ಕೂತು, ಪರದೆಯ ಮೇಲೆ ಬಂದದ್ದನ್ನೆಲ್ಲ ಮೂಗಿನಲ್ಲಿ ಓದಿ ಹೇಳುವ ದನಿ. ನನ್ನ ನಾದಿನಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ, ಹಾಗಾಗಿ ಅವಳಿಗೆ ಅವನು ಬೇಕು. ನನಗೆ ಎರಡು ಕಣ್ಣಿವೆ, ಮೂಗಿನ ತುದಿಯಲ್ಲಿ ಕೋಪವೂ ಇದೆ, ಹಾಗಾಗಿ ನನಗೆ ಅವನು ಬೇಡ. ತಲೆ ಬಿಸಿಯಾಗಿರುವ ಹೊತ್ತಿನಲ್ಲಿ ‘ಕಿಟಕಿ ತೆರೆದಿದೆ, ಕಿಟಕಿ ಮುಚ್ಚಿದೆ, ಗುಂಡಿ, ಗುಂಡಿ, ಗುಂಡಿ’ ಎಂದು ಒಬ್ಬ ಕಿವಿಯ ಪಕ್ಕ ಕೂತು ಕೊರೆಯುತ್ತಿದ್ದರೆ ಯಾರಿಗೆ ತಾನೆ ಸಹನೆ ಉಳಿದೀತು?

“ನಿಲ್ಲಿಸಿಬಿಟ್ರಾ ಅತ್ತಿಗೆ?” ಎಂದಳು ನಾದಿನಿ, ಪಕ್ಕದ ಸ್ಟೂಲಿನಿಂದ.

“ಹೂಂ. ನೀನು ಸುಮ್ನೆ ಕೂತ್ಕೋ, ನಾನು ನೋಡ್ಕೋತೀನಿ.”

“ನೀವು ನೋಡ್ಕೋತೀರಿ, ಸರಿ. ನಾನೇನು ಮಾಡ್ಲಿ?”

“ಹೇಳಿದ್ನಲ್ಲ ಕಣೇ, ಸುಮ್ನೆ ಕೂತ್ಕೋ.”

ಗಂಟೆ ಒಂಬತ್ತೂವರೆ. ಮಧ್ಯಾಹ್ನ ಎರಡಕ್ಕೆ ಅವಳು ಒಂದು ಶಾಲೆಯಲ್ಲಿ ಪಾಠ ಮಾಡಿ ತೋರಿಸಬೇಕಿತ್ತು. ಕಣ್ಣಿಲ್ಲದ ಮಕ್ಕಳ ಶಾಲೆಯಲ್ಲ, ಎಲ್ಲ ಮಕ್ಕಳೂ ಹೋಗುವ ಶಾಲೆ. ನಾಲ್ಕನೇ ತರಗತಿಗೆ ಒಬ್ಬರು ಟೀಚರ್ ಬೇಕಾಗಿದ್ದರು. ನಲವತ್ತು ದಾಟಿದವರನ್ನು ತೆಗೆದುಕೊಳ್ಳುವುದಿಲ್ಲ. ಅವಳಿಗೆ ನಲವತ್ತು ತುಂಬಲು ಇನ್ನು ಹತ್ತೊಂಬತ್ತು ದಿನ. ಹೋದ ವರ್ಷ ಇದೇ ಶಾಲೆಯಲ್ಲಿ ಪಾಠ ಮಾಡಿದಾಗ ಅವಳ ಕೈಯಲ್ಲಿ ಹಾಳೆ ಇರಲಿಲ್ಲ. ಕಾಲು ಗಂಟೆ ಒಂದಕ್ಷರ ತಡವರಿಸದೆ ಹೇಳಿದ್ದಳು. ಆಯ್ಕೆಗೆ ಕೂತವರು, “ಬಾಯಿಪಾಠ ಚೆನ್ನಾಗಿ ಒಪ್ಪಿಸಿದ್ರಿ. ಆದ್ರೆ ಪುಸ್ತಕ ಇಟ್ಕೊಂಡು ಪಾಠ ಮಾಡೋಕಾಗುತ್ತಾ?” ಎಂದು ಕೇಳಿ ಕಳಿಸಿಬಿಟ್ಟರು. ಆವತ್ತು ಮನೆಗೆ ಬಂದವಳು ಊಟ ಮಾಡಲಿಲ್ಲ.

ಈ ಸಲ ಅವರ ಕಣ್ಣೆದುರಿಗೇ ಬ್ರೈಲ್ ಹಾಳೆಯ ಮೇಲೆ ಬೆರಳಾಡಿಸಿ ಓದಿ ತೋರಿಸುತ್ತೇನೆಂದು ಹಟ ತೊಟ್ಟು, ನಾಲ್ಕು ತಿಂಗಳು ಕೂತು ಪುಸ್ತಕದ ಅಷ್ಟೂ ಪಾಠಗಳನ್ನು ತಾನೇ ಟೈಪ್ ಮಾಡಿದ್ದಳು. ಪ್ರತಿ ಪಾಠದ ನಡುನಡುವೆ ಮಕ್ಕಳನ್ನು ಏನು ಕೇಳಬೇಕು, ಎಲ್ಲಿ ನಗಿಸಬೇಕು ಎಂಬುದೆಲ್ಲ ಸೇರಿಸಿದ್ದಳು. ಯಾವ ಪಾಠವೆಂದು ಶಾಲೆಯವರು ಹೇಳಿದ್ದು ಹಿಂದಿನ ಸಂಜೆ: ಏಳನೆಯದು, ಇರುವೆಗಳ ಪಾಠ. ಹನ್ನೆರಡು ಹಾಳೆ. ಕೈಯಲ್ಲಿ ಚುಚ್ಚಿ ಬರೆಯಲು ಕೂತರೆ ಇಡೀ ದಿನ ಬೇಕು. ನಮ್ಮ ಯಂತ್ರಕ್ಕೆ ಅರ್ಧ ಗಂಟೆ ಸಾಕು.

ಯಂತ್ರ ನಮ್ಮ ಮುಂದಿನ ಕೋಣೆಯಲ್ಲೇ ಇದೆ. ದಪ್ಪ ಕಾಗದವನ್ನು ನುಂಗಿ, ದಡದಡ ಸದ್ದು ಮಾಡುತ್ತ ಚುಕ್ಕಿ ಮೂಡಿಸಿ ಉಗುಳುತ್ತದೆ. ಹದಿನೈದು ವರ್ಷದಿಂದ ಅದೇ ನಮ್ಮ ಕಸುಬು. ಬಸ್ಸಿನ ವೇಳಾಪಟ್ಟಿ, ಔಷಧಿಯ ಚೀಟಿ, ಗೋಡೆ ಕ್ಯಾಲೆಂಡರ್, ಯಾರು ಏನು ತಂದುಕೊಟ್ಟರೂ ನಾನು ಟೈಪ್ ಮಾಡುತ್ತೇನೆ, ನಾದಿನಿ ಬೆರಳಲ್ಲಿ ಓದಿ ತಪ್ಪು ಹಿಡಿಯುತ್ತಾಳೆ. ನನ್ನ ತಪ್ಪು ಹಿಡಿಯುವುದೆಂದರೆ ಅವಳಿಗೆ ಎಲ್ಲಿಲ್ಲದ ಖುಷಿ.

ಅದಕ್ಕೆ ಎರಡು ದಿನ ಮೊದಲು ನಮ್ಮ ಹಳೆಯ ಕಂಪ್ಯೂಟರ್ ಕೈಕೊಟ್ಟಿತ್ತು. ಟಿಕ್ ಟಿಕ್ ಎಂದು ಸದ್ದು ಶುರುವಾದಾಗಲೇ ನನಗೆ ಗೊತ್ತಾಯಿತು. ಎದ್ದೆನೋ ಬಿದ್ದೆನೋ ಎಂದು ನಾದಿನಿಯ ಪಾಠಗಳನ್ನು ಪೆನ್‌ಡ್ರೈವಿಗೆ ಎಳೆದುಕೊಂಡೆ. ಅರ್ಧ ಗಂಟೆಯಲ್ಲಿ ಅದರ ಕಥೆ ಮುಗಿಯಿತು. ನಮ್ಮ ಬೀದಿಯ ರಿಪೇರಿಯವನು ಹಿಂದಿನ ರಾತ್ರಿ ಇನ್ನೊಂದು ಕಂಪ್ಯೂಟರ್ ತಂದುಕೊಟ್ಟ. ಅವನು ಯಾವ ಕೆಲಸ ಹೇಳಿದರೂ ನಾಳೆ ಎನ್ನುವವನಾದ್ದರಿಂದ ನಾವು ಅವನಿಗೆ ನಾಳೆರಾಯ ಎಂದು ಹೆಸರಿಟ್ಟಿದ್ದೇವೆ. ಆದರೆ ಅವನು ತಂದ ಯಂತ್ರದಲ್ಲಿದ್ದುದು ಬೇರೆಯೇ ಆಪರೇಟಿಂಗ್ ಸಿಸ್ಟಂ, ಕಂಪ್ಯೂಟರನ್ನು ನಡೆಸುವ ಬೇರೆಯೇ ವ್ಯವಸ್ಥೆ. ವೈರಸ್ ಬರಲ್ಲ, ಯಾರಪ್ಪನ ಅಪ್ಪಣೆಯೂ ಬೇಕಿಲ್ಲ, ಸ್ವತಂತ್ರ ಎಂದ. ಸರಿ, ಆದರೆ ನಮ್ಮ ಬ್ರೈಲ್ ಪ್ರೋಗ್ರಾಂ ಬರೆದವರು ಅಂಗಡಿ ಮುಚ್ಚಿ ಎಷ್ಟೋ ವರ್ಷವಾಯಿತು. ಅದಕ್ಕೆ ಬರುವುದು ಹಳೆಯ ವ್ಯವಸ್ಥೆಯ ಮಾತೊಂದೇ. ಹೊಸ ಯಂತ್ರಕ್ಕೆ ಆ ಮಾತು ತಿಳಿಯದು.

ಅದಕ್ಕೇ ನಡುವೆ ಒಂದು ಪದರ ಹಾಕಬೇಕು. ಹಳೆಯ ಪ್ರೋಗ್ರಾಂ ಕೇಳಿದ್ದನ್ನು ಹೊಸ ಯಂತ್ರಕ್ಕೆ ತಿಳಿಯುವಂತೆ ಹೇಳಿ, ಅದು ಕೊಟ್ಟ ಉತ್ತರವನ್ನು ಇದಕ್ಕೆ ತಿಳಿಯುವಂತೆ ತಿರುಗಿಸುವ ಪದರ. ಅದಕ್ಕೊಂದು ಇಂಗ್ಲಿಷ್ ಹೆಸರಿದೆ. ನಾನು ದುಭಾಷಿ ಎನ್ನುತ್ತೇನೆ. ಆ ದುಭಾಷಿಯನ್ನು ಕೂರಿಸುವ ಕೆಲಸವೇ ಆ ಬೆಳಗಿನ ನನ್ನ ಗ್ರಹಚಾರ.

ಮೊದಲ ಸಲ ಪ್ರೋಗ್ರಾಂ ಒತ್ತಿದೆ. ಏನೂ ಆಗಲಿಲ್ಲ. ಬೈಗುಳವಾದರೂ ಬರಬಾರದೇ, ಅದೂ ಇಲ್ಲ. ನಾಳೆರಾಯನಿಗೆ ಫೋನ್ ಹಚ್ಚಿ, ಕೈ ಬಿಡುವಾಗಿರಲೆಂದು ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟೆ.

“ಅಕ್ಕಾ, ನಿಮ್ಮ ಪ್ರೋಗ್ರಾಂ ಮೂವತ್ತೆರಡು ಬಿಟ್‌ದು, ಹಳೇ ಕಾಲದ್ದು. ಈ ಕಂಪ್ಯೂಟರ್ ಅರವತ್ನಾಲ್ಕರದ್ದು. ದುಭಾಷಿಗೆ ಮೂವತ್ತೆರಡರ ಭಾಗ ಬೇರೆ ಹಾಕ್ಬೇಕು.”

“ಮೊದ್ಲೇ ಹೇಳೋಕೇನಾಗಿತ್ತು ನಿನಗೆ?”

“ನೀವು ಕೇಳ್ಲಿಲ್ವಲ್ಲಕ್ಕಾ.”

ಹಾಕಿದೆ. ಇಂಟರ್‌ನೆಟ್ಟಿನಿಂದ ಇಳಿಯಲು ಇಪ್ಪತ್ತು ನಿಮಿಷ ತೆಗೆದುಕೊಂಡಿತು. ನಾನು ಎದ್ದು ಕೋಣೆಯಲ್ಲಿ ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಓಡಾಡಿದೆ. ಕಾಗದ ಸರಿಯಿದೆಯೇ ನೋಡಿದೆ. ಸರಿಯಿದ್ದ ಕಾಗದವನ್ನು ತೆಗೆದು ಮತ್ತೆ ಜೋಡಿಸಿದೆ.

“ಅತ್ತಿಗೆ, ನಿಮ್ಮ ಚಪ್ಪಲಿ ಸದ್ದು ಕೇಳಿ ಕೇಳಿ ನನಗೇ ಕಾಲು ನೋಯ್ತಿದೆ,” ಎಂದಳು.

“ನಿನಗೇನು ತಾಯಿ, ಆರಾಮಾಗಿ ಕೂತಿದೀಯ.”

“ಕೂತ್ಕೋ ಅಂದೋರು ಯಾರು?”

ಎರಡನೆಯ ಸಲ ಪ್ರೋಗ್ರಾಂ ಮಿಂಚಿ ಮಾಯವಾಯಿತು. ನಾಳೆರಾಯನ ಪ್ರಕಾರ, ದುಭಾಷಿ ಕಂಪ್ಯೂಟರಿನಲ್ಲಿ ಮೊದಲೇ ತನಗೊಂದು ಫೋಲ್ಡರಿನ ಮನೆ ಕಟ್ಟಿಕೊಂಡಿತ್ತಂತೆ, ಅದು ಅರವತ್ತನಾಲ್ಕರ ಅಳತೆಯದಂತೆ, ಕೆಡವಿ ಮೂವತ್ತೆರಡರ ಅಳತೆಗೆ ಮತ್ತೆ ಕಟ್ಟಿಸಬೇಕಂತೆ. ಕೆಡವಿದೆ, ಕಟ್ಟಿಸಿದೆ. ಹನ್ನೊಂದು ದಾಟಿತು. ಮೂರನೆಯ ಸಲ ಪ್ರೋಗ್ರಾಂ ತೆರೆಯಿತು, ಆದರೆ ಅಕ್ಷರದ ಜಾಗದಲ್ಲೆಲ್ಲ ಖಾಲಿ ಚೌಕಗಳು. ಕನ್ನಡದ ಫಾಂಟ್ ದುಭಾಷಿಗೆ ಬೇರೆಯಾಗಿ ಕೊಡಬೇಕಿತ್ತು. ಕೊಟ್ಟೆ. ಚೌಕಗಳು ಅಕ್ಷರಗಳಾದವು. ಹನ್ನೊಂದೂ ನಲವತ್ತು. ನನಗೆ ಎಷ್ಟು ಸಂತೋಷವಾಯಿತೆಂದರೆ ಮೇಜಿನ ಮೇಲೆ ಗುದ್ದಿದೆ.

“ಆಯ್ತಾ?” ನಾದಿನಿ ಸ್ಟೂಲಿನಿಂದ ಅರ್ಧ ಎದ್ದಳು.

“ಆಗೇಹೋಯ್ತು! ನಿನ್ನ ಪಾಠ ಎಲ್ಲಿದೆ ಅಂತ ಇದಕ್ಕೆ ಹೇಳೋದೊಂದೇ ಬಾಕಿ.”

“ಗೊಣಗಪ್ಪನ್ನ ಹಾಕಿ ಅತ್ತಿಗೆ, ಅದನ್ನ ನಾನೇ ಮಾಡ್ತೀನಿ.”

“ಈಗ್ಲಾ? ಒಂದು ಹೆಸ್ರು ಟೈಪ್ ಮಾಡೋಕೆ ಇಬ್ರು ಬೇಕಾ? ಕೂತ್ಕೋ ಸುಮ್ನೆ.”

ಆ ಪಾಠಗಳಿದ್ದ ಫೋಲ್ಡರಿಗೆ ಅವಳಿಟ್ಟಿದ್ದ ಹೆಸರು ‘ಟೀಚರ್’. ನಾಲ್ಕು ತಿಂಗಳ ಹಿಂದೆ ಅದನ್ನು ಕಂಡು ನಾನು ನಕ್ಕಿದ್ದೆ. “ಏನೇ ಇದು, ಕೆಲಸಾನೇ ಸಿಕ್ಕಿಲ್ಲ, ಆಗ್ಲೇ ಟೀಚರ್ರಾ?” ಎಂದಿದ್ದೆ. “ಫೋಲ್ಡರ್‌ನಾದ್ರೂ ಟೀಚರ್ ಅಂತ ಕರೀಲಿ ಬಿಡಿ,” ಎಂದಿದ್ದಳು. ಈಗ ಪ್ರೋಗ್ರಾಂ ಕೇಳಿದ ಜಾಗದಲ್ಲಿ ನಾನು ಟೀಚರ್ ಎಂದು ಟೈಪ್ ಮಾಡಿದೆ. ಏನೋ ಒಂದು ಚೀಟಿ ಪರದೆಯ ಮೇಲೆ ಬಂತು. ಬೆಳಗಿನಿಂದ ನೂರು ಚೀಟಿ ನೋಡಿದ್ದ ನಾನು ಓದಲಿಲ್ಲ, ಸರಿ ಎಂದು ಒತ್ತಿಬಿಟ್ಟೆ.

ಪಾಠಗಳ ಪಟ್ಟಿ ತೆರೆಯಿತು. ಅದರಲ್ಲಿ ಒಂದು ಪಾಠವೂ ಇರಲಿಲ್ಲ.

ಪ್ರೋಗ್ರಾಂ ಮುಚ್ಚಿ, ಫೋಲ್ಡರುಗಳ ಪಟ್ಟಿಗೆ ಹೋದೆ. ಅಲ್ಲಿ ಕಂಡದ್ದನ್ನು ನಂಬಲಾಗಲಿಲ್ಲ. ಟೀಚರ್. ಅದರ ಕೆಳಗೆ ಇನ್ನೊಂದು ಟೀಚರ್. ಅದೇ ಅಕ್ಷರ, ಅದೇ ದೀರ್ಘ, ಕೊನೆಯಲ್ಲಿ ಅದೇ ಅರ್ಧ ರ್. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡೆ. ಕೆಳಗಿನದನ್ನು ತೆರೆದೆ: ಖಾಲಿ. ಹಿಂದೆ ಬಂದು ಮೇಲಿನದನ್ನು ತೆರೆದೆ: ಅದೂ ಖಾಲಿ.

ಪೆನ್‌ಡ್ರೈವ್ ಚುಚ್ಚಿದೆ. ಅದರಲ್ಲೂ ಏನಿಲ್ಲ. ಇರುವುದಾದರೂ ಹೇಗೆ? ನಕಲು ಮಾಡುವ ಬದಲು ಕತ್ತರಿಸಿ ಇಲ್ಲಿ ಅಂಟಿಸಿದ್ದವಳು ನಾನೇ. ಪೆನ್‌ಡ್ರೈವಿನಲ್ಲಿ ಜಾಗ ಉಳಿಯಲಿ ಎಂಬ ಜಾಣತನ. ಹಳೆಯ ಕಂಪ್ಯೂಟರ್ ಸತ್ತಿದೆ, ಪೆನ್‌ಡ್ರೈವ್ ಖಾಲಿ, ಇಲ್ಲಿ ಎರಡೂ ಖಾಲಿ. ನಾಲ್ಕು ತಿಂಗಳು ಅವಳು ರಾತ್ರಿ ಹಗಲು ಕುಟ್ಟಿದ್ದು ಎಲ್ಲಿ ಹೋಯಿತು?

“ಏನಾಯ್ತು ಅತ್ತಿಗೆ? ಯಾಕೆ ಉಸಿರು ಹಿಡ್ಕೊಂಡಿದೀರಿ?”

“ಏನಿಲ್ಲ. ಸುಮ್ನೆ ಕೂತ್ಕೋ ಅಂದ್ನಲ್ಲ!” ಎಂದು ಚೀರಿದೆ. ಅವಳ ಮೇಲಿನ ಸಿಟ್ಟಲ್ಲ ಅದು. ಆದರೆ ಚೀರಿದ್ದು ಅವಳ ಮೇಲೇ.

ನಾಳೆರಾಯ ಎರಡನೆಯ ರಿಂಗಿಗೆ ಎತ್ತಿಕೊಂಡ. “ಒಂದೇ ಜಾಗದಲ್ಲಿ ಒಂದೇ ಹೆಸರಿನ ಎರಡು ಫೋಲ್ಡರ್ ಇರೋಕೆ ಸಾಧ್ಯಾನೇ ಇಲ್ಲಕ್ಕಾ. ದುಭಾಷಿ ಏನೋ ಗೊಂದಲ ಮಾಡ್ಕೊಂಡಿರುತ್ತೆ. ಎರಡೂ ಖಾಲಿ ತಾನೆ? ಎರಡನ್ನೂ ಅಳಿಸಿ, ಎಲ್ಲಾ ಕಿತ್ತುಹಾಕಿ ಮೊದಲಿಂದ ಶುರುಮಾಡಿ. ಆಗ್ಲಿಲ್ಲಾಂದ್ರೆ ನಾಳೆ ಬರ್ತೀನಿ.”

“ನಿನ್ನ ನಾಳೆಗಿಷ್ಟು!” ಎಂದು ಫೋನ್ ಕುಕ್ಕಿದೆ. ಹನ್ನೆರಡು ಗಂಟೆ. ಮನೆಯಿಂದ ಶಾಲೆಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ, ಒಂದೂಕಾಲರ ಬಸ್ಸು ತಪ್ಪಬಾರದು. ಎರಡೂ ಫೋಲ್ಡರನ್ನು ಹಿಡಿದು ಅಳಿಸು ಎಂದೆ. ‘ಶಾಶ್ವತವಾಗಿ ಅಳಿಸಬೇಕೇ?’ ಎಂದು ಕೇಳಿತು. ಬೆರಳು ಗುಂಡಿಯ ಮೇಲಿತ್ತು.

ನನ್ನ ಕೈಯ ಮೇಲೆ ಇನ್ನೊಂದು ಕೈ ಬಂದು ಕೂತಿತು.

“ಅವನು ಹೇಳಿದ್ದು ನನಗೂ ಕೇಳಿಸ್ತು ಅತ್ತಿಗೆ. ಯಾವುದನ್ನ ಅಳಿಸ್ತಿದೀರಿ?”

“ಖಾಲಿ ಫೋಲ್ಡರ್ ಕಣೇ. ಎರಡಿವೆ. ಎರಡೂ ಖಾಲಿ. ನನ್ನ ಕಣ್ಣಾರೆ ನೋಡಿದೀನಿ.”

“ಹೆಸ್ರೇನು?”

ಹೇಳಲೇಬೇಕಾಯಿತು. “ಟೀಚರ್,” ಎಂದೆ. “ಎರಡಕ್ಕೂ ಟೀಚರ್ ಅಂತಲೇ ಇದೆ. ಪಾಠ ಎಲ್ಲಿ ಹೋದ್ವೋ ಗೊತ್ತಿಲ್ಲ. ಕಳೆದುಬಿಟ್ಟೆ ಅನ್ಸುತ್ತೆ ಕಣೇ. ನಾನೇ ಕಳೆದುಬಿಟ್ಟೆ.”

ಅಳುತ್ತಾಳೆ ಅಂದುಕೊಂಡೆ. ಬೈದರೂ ಸರಿ ಅಂದುಕೊಂಡೆ. ಅವಳು ಎರಡೂ ಮಾಡಲಿಲ್ಲ.

“ಅತ್ತಿಗೆ, ಏಳಿ,” ಎಂದಳು.

ಮದುವೆಯಾಗಿ ಬಂದ ಇಪ್ಪತ್ತೆರಡು ವರ್ಷದಲ್ಲಿ ಅವಳು ನನಗೆ ಏಳಿ ಎಂದದ್ದು ಅದೇ ಮೊದಲು. ಎದ್ದೆ. ಅವಳು ಕುರ್ಚಿಯಲ್ಲಿ ಕೂತು ಮೂರು ಗುಂಡಿ ಒಟ್ಟಿಗೆ ಒತ್ತಿದಳು. ಗೊಣಗಪ್ಪ ಬೆಳಗಿನ ಬಾಕಿಯನ್ನೆಲ್ಲ ತೀರಿಸುವವನ ಹಾಗೆ ಒಮ್ಮೆಲೇ ಗೊಣಗಲು ಶುರುಮಾಡಿದ. ‘ಶಾಶ್ವತವಾಗಿ ಅಳಿಸಬೇಕೇ? ಹೌದು, ಗುಂಡಿ. ಬೇಡ, ಗುಂಡಿ.’ ಅವಳು ಬೇಡ ಎಂದಳು. ‘ಟೀಚರ್, ಫೋಲ್ಡರ್. ಟೀಚರ್, ಫೋಲ್ಡರ್.’

“ನೋಡಿದ್ಯಾ, ಒಂದೇ ಥರ,” ಎಂದೆ.

“ನೋಡ್ಲಿಲ್ಲ, ಕೇಳ್ತಿದೀನಿ. ಸ್ವಲ್ಪ ಸುಮ್ನಿರಿ.”

ಅವಳು ಹೆಸರನ್ನು ಅಕ್ಷರ ಅಕ್ಷರ ಬಿಡಿಸಿ ಓದಿಸಿದಳು. ಮೊದಲನೆಯದು: ‘ಟ. ದೀರ್ಘ ಈ. ಚ. ರ. ವಿರಾಮ.’ ಅಲ್ಲಿಗೆ ನಿಂತ. ಎರಡನೆಯದು: ‘ಟ. ದೀರ್ಘ ಈ. ಚ. ರ. ವಿರಾಮ. ಸೊನ್ನೆ ಅಗಲದ ಕೂಡಿಸದ ಚಿಹ್ನೆ.’

“ಸಿಕ್ತು!” ಎಂದು ನಾದಿನಿ ತೊಡೆ ತಟ್ಟಿದಳು.

“ಏನು ಸಿಕ್ತು? ಏನದು ಸೊನ್ನೆ ಅಗಲ?”

“ಅತ್ತಿಗೆ, ‘ಬಸ್‌ಪಾಸ್’ ಅಂತ ಬರೀವಾಗ ಪ ಹೋಗಿ ಸ ಕೆಳಗೆ ಒತ್ತಾಗಿ ಕೂತ್ಕೊಂಡುಬಿಡುತ್ತಲ್ಲ? ಹಾಗಾಗ್ದೇ ಇರ್ಲಿ ಅಂತ ನಡುವೆ ಒಂದು ಚಿಹ್ನೆ ಹಾಕ್ತೀವಲ್ಲ, ಅದು. ಅದಕ್ಕೆ ರೂಪ ಇಲ್ಲ, ಅಗಲ ಇಲ್ಲ. ಪದದ ಕೊನೇಲಿದ್ರೆ ಇದ್ದದ್ದೂ ಗೊತ್ತಾಗಲ್ಲ. ನಾನು ಟೈಪ್ ಮಾಡೋ ಕೀಲಿಮಣೆ ವಿನ್ಯಾಸ ಅರ್ಧ ಅಕ್ಷರ ಬಂದಾಗೆಲ್ಲ ತಾನೇ ಹಾಕುತ್ತೆ. ನಿಮ್ಮದು ಹಾಕಲ್ಲ. ನನ್ನ ಟೀಚರಿಗೆ ಆರು ಅಕ್ಷರ, ನಿಮ್ಮ ಟೀಚರಿಗೆ ಐದು. ಕಂಪ್ಯೂಟರಿಗೆ ಅವು ಬೇರೆ ಬೇರೆ ಹೆಸ್ರು. ನೀವು ಹೇಳಿದ ಟೀಚರ್ ಇಲ್ಲ ಅಂತ ಅದು ಹೊಸದೊಂದು ಮಾಡಿದೆ. ಚೀಟಿ ಬಂದಿರ್ಬೇಕಲ್ಲ, ಓದ್ಲಿಲ್ವಾ?”

ಓದಿರಲಿಲ್ಲ. ಗೊಣಗಪ್ಪನಿದ್ದಿದ್ದರೆ ಅವನು ಓದುತ್ತಿದ್ದ.

“ಮತ್ತೆ ಎರಡೂ ಖಾಲಿ ಇದ್ವಲ್ಲೇ?”

“ಈ ಪಟ್ಟೀಲಿ ಈಗಷ್ಟೇ ತೆರೆದದ್ದು ಮೇಲಕ್ಕೆ ಬರುತ್ತೆ. ಮೊದ್ಲು ಕೆಳಗಿಂದು ತೆರೆದ್ರಿ, ಅದು ಮೇಲೆ ಬಂತು. ಆಮೇಲೆ ಮೇಲಿಂದು ತೆರೆದ್ರಿ. ಖಾಲಿ ಇದ್ದದ್ದನ್ನೇ ಎರಡು ಸಲ ನೋಡಿದೀರಿ, ಕಣ್ಣಾರೆ.” ಆರು ಅಕ್ಷರದ ಟೀಚರನ್ನು ತೆರೆದಳು. ಗೊಣಗಪ್ಪ ಓದಿದ: ‘ಪಾಠ ಒಂದು. ಪಾಠ ಎರಡು. ಪಾಠ ಮೂರು.’

ಅವಳ ಸ್ಟೂಲಿನ ಮೇಲೆ ಕುಸಿದು ಕೂತೆ. ಇನ್ನೊಂದು ಕ್ಷಣ ಬಿಟ್ಟಿದ್ದರೆ ಇವಳ ನಾಲ್ಕು ತಿಂಗಳನ್ನು, ಇವಳ ಕೊನೆಯ ಅವಕಾಶವನ್ನು ನನ್ನ ಕೈಯಾರೆ ಅಳಿಸಿಬಿಡುತ್ತಿದ್ದೆ. ಬೆಳಗಿನಿಂದ ಅವಳು ನಾನೇನು ಮಾಡ್ಲಿ, ನಾನೇ ಮಾಡ್ತೀನಿ ಎಂದು ಕೇಳುತ್ತಲೇ ಇದ್ದಳು! ಹೋದ ವರ್ಷ ಆ ಆಯ್ಕೆಯವರನ್ನು ಬಸ್ಸಿನಲ್ಲಿ ದಾರಿಯುದ್ದಕ್ಕೂ ಬಾಯಿಗೆ ಬಂದಂತೆ ಬೈದಿದ್ದೆ, ಇವಳ ಕೈಲಿ ಆಗುತ್ತೋ ಇಲ್ಲವೋ ನೋಡದೆಯೇ ತೀರ್ಮಾನಿಸಿದರು ಎಂದು. ನಾನು ಅವರಿಗಿಂತ ಏನು ಕಡಿಮೆ ಮಾಡಿದ್ದೆ? ನಾಚಿಕೆಯಾಯಿತು.

ಅವಳು ಹೆಸರನ್ನು ಟೈಪ್ ಮಾಡುವ ಗೋಜಿಗೇ ಹೋಗಲಿಲ್ಲ. ತನ್ನ ಫೋಲ್ಡರಿನ ಹೆಸರನ್ನು ಕಾಣದ ಅಕ್ಷರದ ಸಮೇತ ನಕಲು ಮಾಡಿ ಪ್ರೋಗ್ರಾಮಿಗೆ ಅಂಟಿಸಿದಳು. ಏಳನೆಯ ಪಾಠ ತೆರೆಯಿತು. ಹನ್ನೆರಡೂ ಮೂವತ್ತೈದಕ್ಕೆ ಯಂತ್ರ ದಡದಡ ಎನ್ನತೊಡಗಿತು. ಒಂದೊಂದು ಹಾಳೆ ಬಂದ ಹಾಗೆ ಎತ್ತಿಕೊಂಡು ಬೆರಳಾಡಿಸಿದಳು, ತಾನೇ ಬರೆದ ಯಾವುದೋ ಸಾಲಿಗೆ ತಾನೇ ನಕ್ಕಳು. ನಾನು ಬಾಯಿಗೆ ಬೀಗ ಹಾಕಿಕೊಂಡು ಹಾಳೆ ಜೋಡಿಸಿದೆ. ಹನ್ನೆರಡನೆಯ ಹಾಳೆ ಒಂದೂ ಏಳಕ್ಕೆ ಬಂತು. ಬೀದಿಯಲ್ಲಿ ಓಡಿದೆವು. ಡ್ರೈವರ್ ಬಾಗಿಲು ಮುಚ್ಚುತ್ತಿದ್ದವನು ನನ್ನ ಕೂಗಿಗೆ ಹೆದರಿ ಮತ್ತೆ ತೆರೆದ.

ಶಾಲೆಯ ಕಾರಿಡಾರಿನಲ್ಲಿ ನಾಲ್ಕನೇ ತರಗತಿಯ ಬಾಗಿಲ ಮುಂದೆ ಒಂದು ಬೆಂಚಿತ್ತು. ಎಂದಿನಂತೆ ಅವಳ ತೋಳು ಹಿಡಿದು ಒಳಗೆ ಕರೆದೊಯ್ಯಲು ಹೋದೆ. ಅವಳು ಮೆಲ್ಲಗೆ ತೋಳು ಬಿಡಿಸಿಕೊಂಡಳು.

“ಅತ್ತಿಗೆ, ನೀವು ಇಲ್ಲಿ ಸುಮ್ನೆ ಕೂತ್ಕೊಳ್ಳಿ. ನಾನು ನೋಡ್ಕೋತೀನಿ.”

ನಗುತ್ತಿದ್ದಳು, ಕಳ್ಳಿ. ಕೋಲು ತಟ್ಟುತ್ತ ಒಳಗೆ ಹೋದಳು. ನಾನು ಕೂತೆ. ನನಗೆ ಕೂರಲು ಬರುವುದಿಲ್ಲ. ಎದ್ದೆ, ಮತ್ತೆ ಕೂತೆ. ಬಾಗಿಲು ಮುಚ್ಚಿತ್ತು, ಏನೂ ಕಾಣುತ್ತಿರಲಿಲ್ಲ. ಕೇಳಿಸುವುದಷ್ಟೇ ನನ್ನ ಪಾಲಿಗಿತ್ತು. ಮೊದಲು ಗುಸುಗುಸು, ಬೆಂಚು ಎಳೆದ ಸದ್ದು, ಆಮೇಲೆ ಅವಳ ದನಿ. ಓದುತ್ತಿದ್ದಳು. ಹಾಳೆ ತಿರುಗಿಸಿದ ದಪ್ಪ ಸದ್ದನ್ನು ಎಣಿಸಿದೆ: ಒಂದು, ಎರಡು, ಮೂರು. ನಾಲ್ಕನೆಯದರ ಹೊತ್ತಿಗೆ ಒಳಗೆ ನಗು ಎದ್ದಿತು. ಆಮೇಲೆ ಒಂದು ಸಣ್ಣ ಗಂಟಲು ಕೇಳಿತು:

“ಟೀಚರ್, ಟೀಚರ್, ಇರುವೆಗೆ ಕಣ್ಣಿರುತ್ತಾ?”

ಯಾರೋ ದೊಡ್ಡವರು ಶ್ ಎಂದರು. ನಾದಿನಿ ಹಾಳೆ ತಿರುಗಿಸುವ ಸದ್ದು ತಟ್ಟನೆ ನಿಂತಿತು. ಪ್ರಶ್ನೆಗೆ ಅಲ್ಲ, ನನಗೆ ಗೊತ್ತು. ಅವಳು ನಿಲ್ಲಿಸಿದ್ದು ಆ ಕರೆಗೆ. ಫೋಲ್ಡರನ್ನು ಬಿಟ್ಟು ಅವಳನ್ನೇ ಯಾರಾದರೂ ಹಾಗೆ ಕರೆದದ್ದು ಅದೇ ಮೊದಲು.

“ಇರುತ್ತೆ ಪುಟ್ಟಾ,” ಎಂದಳು ಆಮೇಲೆ. “ಆದ್ರೆ ಅದು ಕಣ್ಣನ್ನೊಂದೇ ನಂಬ್ಕೊಂಡು ಕೂರಲ್ಲ. ನಮ್ಮ ಅತ್ತಿಗೆ ಥರ ಅಲ್ಲ ಅದು.”

ಮಕ್ಕಳು ಹೋ ಎಂದು ನಕ್ಕರು. ನಾನೂ ಕಾರಿಡಾರಿನಲ್ಲಿ ಒಬ್ಬಳೇ ನಕ್ಕೆ, ಸೆರಗಿನಲ್ಲಿ ಕಣ್ಣೊರೆಸಿಕೊಂಡೆ. ಹಾಳೆಗಳ ಎಣಿಕೆ ತಪ್ಪಿಹೋಯಿತು.

ಮೂರಕ್ಕೆ ಗಂಟೆ ಹೊಡೆಯಿತು. ಮಕ್ಕಳು ಹೊರಗೆ ನುಗ್ಗಿದರು, ಆದರೆ ನಾಲ್ಕೈದು ಜನ ಒಳಗೇ ಉಳಿದು ಚುಕ್ಕಿ ಮುಟ್ಟುತ್ತೇವೆಂದು ಅವಳನ್ನು ಮುತ್ತಿಕೊಂಡದ್ದು ತೆರೆದ ಬಾಗಿಲಿನಿಂದ ಕಂಡಿತು. ಹೆಡ್ ಮೇಡಂ ಹೊರಬಂದು ನೇರ ನನ್ನ ಹತ್ತಿರ ಬಂದರು. ಹೋದ ವರ್ಷದವರೇ. ಕೈಯಲ್ಲಿ ಒಂದು ಕಡತ.

“ನೀವು ಅವರ ಮನೆಯವರಲ್ವಾ? ಸೋಮವಾರದಿಂದ ಬರೋಕಾಗುತ್ತಾ ಅವರಿಗೆ? ಬೆಳಿಗ್ಗೆ ಒಬ್ಬರೇ ಬಸ್ಸಲ್ಲಿ ಬರ್ತಾರಾ, ಇಲ್ಲಾ ನೀವು...”

ಆಗುತ್ತೆ ಮೇಡಂ, ನಾನೇ ಕರೆದುಕೊಂಡು ಬರ್ತೀನಿ, ಎಲ್ಲಾ ನಾನು ನೋಡ್ಕೋತೀನಿ. ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

“ನನ್ನನ್ನ್ಯಾಕೆ ಕೇಳ್ತೀರಿ ಮೇಡಂ?” ಎಂದೆ. “ಟೀಚರ್ ಒಳಗಿದ್ದಾರೆ, ಅವರನ್ನೇ ಕೇಳಿ.”